ಕೊನೆ ಸೀನ್ ಬರುವಾಗ ಲೈಟ್ ಹಾಕ್ಬೇಡಿ: ಮನೆಯವರ ಜೊತೆ ಕೂತು ಫ್ರೆಂಚ್ ಸೈಕಾಲಜಿಕಲ್ ಡ್ರಾಮಾ ನೋಡುದು ಹೇಗೆ

ಉಡುಪಿಯಲ್ಲಿ ಜೂನ್ ತಿಂಗಳ ಮಳೆ ಹಿಡಿದ್ರೆ ಆದಿತ್ಯವಾರ ಸಂಜೆ ಎಲ್ಲಿಗೂ ಹೋಗ್ಲಿಕ್ಕೆ ಆಗುದಿಲ್ಲ, ಹಾಗಾಗಿ ನಾನು, ಅಕ್ಕ, ಭಾವ, ಅಮ್ಮ ನಾಲ್ಕು ಜನ ಕೂತು ಸಿನಿಮಾ ನೋಡುದು ಅಭ್ಯಾಸ ಆಗಿದೆ. ಫ್ರೆಂಚ್ ಸಿನಿಮಾ ಹಾಕ್ಲಿಕ್ಕೆ ಶುರು ಮಾಡಿದ್ದು ನಾನೇ. ಮೊದಲ ಸಲ ಮುಗಿದಾಗ ಭಾವ, "ಇದೆಂತ ಮಾರಾಯ್ತಿ, ಕಥೆ ಮುಗಿದದ್ದಾ ಕರೆಂಟ್ ಹೋದದ್ದಾ" ಅಂತ ಕೇಳಿದ್ರು, ಅಕ್ಕನಿಗೆ ರಾತ್ರಿ ನಿದ್ದೆ ಬರ್ಲಿಲ್ಲವಂತೆ ಅಷ್ಟು ಮನಸ್ಸಿಗೆ ಹಿಡಿದಿತ್ತು. ಒಂದೇ ಸಿನಿಮಾ, ಒಂದೇ ಸೋಫಾ, ಅಭಿಪ್ರಾಯ ಮಾತ್ರ ಆಕಾಶ ಭೂಮಿ. ಇದನ್ನು ಜಗಳ ಮಾಡ್ಕೊಳ್ಳದೆ, ಹಾಗಂತ ಸುಮ್ಮನೂ ಕೂರದೆ ಮಾತಾಡುದು ಹೇಗೆ ಅಂತ ನಾವು ಕಲ್ತದ್ದನ್ನು ಇಲ್ಲಿ ಬರೀತಿದ್ದೇನೆ.

ಮೊದ್ಲು ಯಾವುದನ್ನು ಹಾಕುದು ಅಂತ. ಮನೆಯಲ್ಲಿ ಯಾರಿಗೂ ಅಭ್ಯಾಸ ಇಲ್ಲ ಅಂದ್ರೆ 1955ರ 'ಲೆ ದಿಯಾಬೊಲಿಕ್' ಹಾಕಿ, ಆನ್ರಿ ಜಾರ್ಜ್ ಕ್ಲೂಜೊ ಅವರದ್ದು. ಬ್ಲಾಕ್ ಆಂಡ್ ವೈಟ್ ಅಂತ ಮೂಗು ಮುರಿಯುವವರೂ ಅರ್ಧ ಗಂಟೆ ಕಳೆದ ಮೇಲೆ ಏಳುದಿಲ್ಲ, ಯಾಕಂದ್ರೆ ಅದರಲ್ಲಿ ಒಂದು ಗುಟ್ಟು ಉಂಟು, ಕೊನೆಗೆ ಉತ್ತರವೂ ಸಿಗ್ತದೆ. ಸಿನಿಮಾ ಮುಗಿದ ಮೇಲೆ ಪರದೆಯಲ್ಲೇ ಒಂದು ವಿನಂತಿ ಬರ್ತದೆ, ನೀವು ನೋಡಿದ್ದನ್ನು ಸ್ನೇಹಿತರಿಗೆ ಹೇಳ್ಬೇಡಿ, ಅವರ ಖುಷಿ ಹಾಳು ಮಾಡ್ಬೇಡಿ ಅಂತ. ನಾವು ಆ ನಿಯಮವನ್ನು ಎಲ್ಲಾ ಸಿನಿಮಾಕ್ಕೂ ಇಟ್ಕೊಂಡಿದ್ದೇವೆ, ಮೊದಲೇ ನೋಡಿದವರು ಬಾಯಿ ಬಿಡ್ಬಾರ್ದು, "ಈಗ ನೋಡು ಈಗ ನೋಡು" ಅಂತ ಮೊಣಕೈಯಲ್ಲಿ ತಿವೀಲಿಕ್ಕೂ ಇಲ್ಲ.

ಆಮೇಲೆ ಜಸ್ಟಿನ್ ತ್ರಿಯೆ ಅವರ 'ಅನಾಟಮಿ ಆಫ್ ಎ ಫಾಲ್', 2023ರಲ್ಲಿ ಕಾನ್ ಫೆಸ್ಟಿವಲ್‌ನಲ್ಲಿ ಪಾಮ್ ದೋರ್, ಅಂದ್ರೆ ಅಲ್ಲಿಯ ಅತಿ ದೊಡ್ಡ ಪ್ರಶಸ್ತಿ ಬಂದದ್ದು. ನನ್ನ ಲೆಕ್ಕದಲ್ಲಿ ನಾಲ್ಕು ಜನ ಕೂತು ನೋಡ್ಲಿಕ್ಕೆ ಇದಕ್ಕಿಂತ ಒಳ್ಳೆ ಸಿನಿಮಾ ಇಲ್ಲ. ಬೆಟ್ಟದ ಮೇಲಿನ ಮನೆ, ಗಂಡ ಮೇಲಿಂದ ಬಿದ್ದು ಸತ್ತಿದ್ದಾನೆ, ಹೆಂಡತಿ ದೂಡಿದ್ದಾ ಅವನೇ ಹಾರಿದ್ದಾ, ಕಣ್ಣು ಸರಿ ಕಾಣದ ಮಗ ಸಾಕ್ಷಿ ಹೇಳ್ಬೇಕು. ಎರಡೂವರೆ ಗಂಟೆ ಉಂಟು, ಹಾಗಾಗಿ ಮಧ್ಯೆ ಬ್ರೇಕ್ ಬೇಕೇ ಬೇಕು. ಆದ್ರೆ ಆ ಬ್ರೇಕಿನಲ್ಲಿ ಗೋಳಿಬಜೆ ಕರೀಲಿಕ್ಕೆ ಹೋಗ್ಬೇಡಿ, ನಮ್ಮಲ್ಲಿ ಅಮ್ಮ ಅಡುಗೆಮನೆಗೆ ಹೋದವರು ವಾಪಸ್ ಬರುವಾಗ ಕೋರ್ಟಿನಲ್ಲಿ ಅರ್ಧ ಸಾಕ್ಷಿ ಮುಗಿದಿತ್ತು. ಮಧ್ಯಾಹ್ನವೇ ಮೈದಾ ಮೊಸರು ಕಲಸಿಟ್ಟು, ಬ್ರೇಕಿಗೆ ಬರೀ ಚಾ, ಕರಿಯುದು ಸಿನಿಮಾ ಮುಗಿದ ಮೇಲೆ. ಮಾತಾಡುವಾಗ ಕೈಯಲ್ಲಿ ಬಿಸಿ ಬಿಸಿ ಇದ್ರೆ ಸ್ವರ ಸಹ ಸ್ವಲ್ಪ ಇಳೀತದೆ.

ಈಗ ಮುಖ್ಯ ವಿಷಯ. ಅಭಿಪ್ರಾಯ ಯಾಕೆ ಬೇರೆ ಬೇರೆ ಆಗ್ತದೆ ಅಂದ್ರೆ, ಈ ಡೈರೆಕ್ಟರ್‌ಗಳು ಒಂದು ಜಾಗವನ್ನು ಬೇಕಂತಲೇ ಖಾಲಿ ಬಿಡ್ತಾರೆ, ನಾವು ಒಬ್ಬೊಬ್ರು ಅದನ್ನು ನಮ್ಮ ನಮ್ಮ ಜೀವನದಿಂದ ತುಂಬಿಸ್ತೇವೆ. ಈ ಸಿನಿಮಾದಲ್ಲಿ ಆ ಜಾಗ ಎಲ್ಲಿ ಅಂತ ಕೈ ಇಟ್ಟು ತೋರಿಸ್ಬಹುದು. ಗಂಡ ಸಾಯುವ ಹಿಂದಿನ ದಿನ ಇಬ್ಬರೂ ಜಗಳ ಮಾಡಿದ್ದು ರೆಕಾರ್ಡ್ ಆಗಿದೆ, ಕೋರ್ಟಿನಲ್ಲಿ ಅದನ್ನು ಹಾಕ್ತಾರೆ, ನಮಗೆ ಅಡುಗೆಮನೆ ಕಾಣ್ತದೆ, ಇಬ್ಬರ ಮುಖ ಕಾಣ್ತದೆ, ಮಾತು ಏರ್ತಾ ಏರ್ತಾ ಹೋಗಿ ಕೈ ಎತ್ತುವ ಹೊತ್ತಿಗೆ ಸರಿಯಾಗಿ ಚಿತ್ರ ವಾಪಸ್ ಕೋರ್ಟಿಗೆ ಬರ್ತದೆ. ಇನ್ನು ಬರೀ ಸೌಂಡು. ಏನೋ ಒಡೆಯುವ ಶಬ್ದ, ಹೊಡೆದ ಶಬ್ದ, ಯಾರು ಯಾರಿಗೆ ಅಂತ ಕಾಣುದಿಲ್ಲ. ಭಾವನಿಗೆ ಅಲ್ಲಿ ಅವಳು ಹೊಡೆದದ್ದೇ ಕೇಳಿಸಿತು, ಅಕ್ಕನಿಗೆ ಅವನು ಅವನಿಗೇ ಹೊಡ್ಕೊಂಡದ್ದು. ಇಬ್ಬರೂ ಕಣ್ಣಾರೆ ನೋಡಿದವರ ಹಾಗೆ ಹೇಳ್ತಾರೆ! ಹಾಗಾಗಿ ಸಿನಿಮಾ ನೋಡುವಾಗ ಒಂದು ಚೀಟಿ ಪೆನ್ನು ಇಟ್ಕೊಳ್ಳಿ, ಮನಸ್ಸು ಯಾವ ಸೀನಲ್ಲಿ ತಿರುಗಿತು ಅಂತ ಆ ನಿಮಿಷ ಬರ್ದಿಡಿ. ಆಮೇಲೆ "ನನಗೆ ಹಾಗೆ ಅನಿಸ್ತು" ಅಂದ್ರೆ ಸಾಲ್ದು, ಸೀನ್ ತೆಗ್ದು ತೋರಿಸ್ಬೇಕು. ಇದೊಂದು ಮಾಡಿದ್ರೆ ಅರ್ಧ ಜಗಳ ಕಮ್ಮಿ ಆಗ್ತದೆ, ಉಳಿದ ಅರ್ಧ ಚಂದ ಆಗ್ತದೆ.

ಎರಡನೇದು, ತಾಳಮದ್ದಳೆ ಕ್ರಮ, ವೇಷ ಕುಣಿತ ಇಲ್ಲದೆ ಕೂತು ಪಾತ್ರದ ಪರ ವಾದ ಮಾಡುವ ಯಕ್ಷಗಾನದ ಹಾಗೆ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ, ವಾಲಿವಧೆ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ಕೇಳುವಾಗ ನಾವು ವಾಲಿ ಕಡೆ, ರಾಮ ಉತ್ತರ ಕೊಡುವಾಗ ರಾಮನ ಕಡೆ, ಯಾರು ಗೆದ್ದದ್ದು ಅಂತ ತೀರ್ಮಾನ ಆಗದೆಯೇ ಮನೆಗೆ ಬರ್ತೇವೆ, ಯಾರೂ ದುಡ್ಡು ವಾಪಸ್ ಕೇಳುದಿಲ್ಲ. ಅದನ್ನೇ ಇಲ್ಲಿ ಮಾಡಿ. ಹೆಂಡತಿಯ ಅರ್ಥ, ಅಂದ್ರೆ ಅವಳ ಪಾತ್ರವೇ ಆಗಿ ಆಡುವ ಮಾತು, ಒಬ್ಬರು ಹೇಳ್ಬೇಕು, ಸರ್ಕಾರಿ ವಕೀಲನ ಅರ್ಥ ಇನ್ನೊಬ್ರು, ಅದೂ ತಾನು ನಂಬಿದ್ದಕ್ಕೆ ಉಲ್ಟಾ ಪಾತ್ರ ತಗೊಳ್ಬೇಕು. ಭಾವ ಅವಳ ಪರ ವಾದ ಮಾಡ್ಲಿಕ್ಕೆ ಕೂತ ದಿನ ಹತ್ತು ನಿಮಿಷ ತಡವರಿಸಿದ್ರು, ಆಮೇಲೆ ಎಷ್ಟು ಚಂದ ಹೇಳಿದ್ರು ಅಂದ್ರೆ ಅಕ್ಕ ಮಾತೇ ಆಡ್ಲಿಲ್ಲ.

ಭಾಷೆ ಬಗ್ಗೆ ಹೇಳ್ಲೇಬೇಕು. ಸಬ್‌ಟೈಟಲ್ ಓದುದರ ಜೊತೆಗೆ ಕಿವಿ ಸಹ ಕೊಡಿ. ಆ ಹೆಂಡತಿ ಜರ್ಮನ್, ಗಂಡ ಫ್ರೆಂಚ್, ಮನೆಯಲ್ಲಿ ಮಾತಾಡುದು ಇಂಗ್ಲಿಷ್, ಕೋರ್ಟಿನಲ್ಲಿ ಫ್ರೆಂಚಲ್ಲಿ ಉತ್ತರ ಕೊಡ್ಬೇಕು, ಪಾಪ ಮಧ್ಯದಲ್ಲಿ ಅವಳಿಗೆ ಫ್ರೆಂಚ್ ಸಾಲದೆ ಇಂಗ್ಲಿಷಿಗೆ ಬರ್ತಾಳೆ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಆಫೀಸಲ್ಲಿ ಕನ್ನಡ ಅಂತ ಬದುಕುವ ನಮಗೆ ಅದರ ಸಂಕಟ ಬೇಗ ತಾಗ್ತದೆ, ಅಮ್ಮ ಅಲ್ಲಿಂದಲೇ ಅವಳ ಪಾರ್ಟಿ. ಇನ್ನೊಂದು, ಫ್ರೆಂಚಲ್ಲಿ ನಮ್ಮ ಹಾಗೆ 'ನೀನು' 'ನೀವು' ಎರಡುಂಟು, 'ತ್ಯು' ಮತ್ತು 'ವು', ಇಂಗ್ಲಿಷ್ ಸಬ್‌ಟೈಟಲಲ್ಲಿ ಎರಡೂ ಒಂದೇ ಆಗಿ ಹೋಗ್ತದೆ. ಯಾರು ಯಾರಿಗೆ ಯಾವುದು ಹೇಳ್ತಾರೆ ಅಂತ ಕೇಳಿದ್ರೆ ಸಲುಗೆ ಎಷ್ಟುಂಟು ಅಂತ ಗೊತ್ತಾಗ್ತದೆ.

"ಬೋರ್" ಅಂದವರ ಬಾಯಿ ಮುಚ್ಚಿಸ್ಬೇಡಿ, ಅದೂ ಅಭಿಪ್ರಾಯವೇ. ಯಾವಾಗ ಮೊಬೈಲ್ ಕೈಗೆ ತಗೊಂಡದ್ದು ಅಂತ ಮಾತ್ರ ಕೇಳಿ.

ಕೊನೆಗೆ, ಇದೆಲ್ಲ ಅಭ್ಯಾಸ ಆದ ಮೇಲೆ ಮಾತ್ರ ಹಾನೆಕೆ ಅವರ 'ಕ್ಯಾಶೆ', 2005ರದ್ದು. ಹೆಸರಿನ ಅರ್ಥವೇ ಬಚ್ಚಿಟ್ಟದ್ದು ಅಂತ. ಒಂದು ಕುಟುಂಬಕ್ಕೆ ಅವರದ್ದೇ ಮನೆಯನ್ನು ಹೊರಗಿಂದ ಶೂಟ್ ಮಾಡಿದ ವಿಡಿಯೋ ಕ್ಯಾಸೆಟ್ ಬರ್ತದೆ, ಕಳಿಸಿದ್ದು ಯಾರು ಅಂತ ಸಿನಿಮಾ ಹೇಳುದೇ ಇಲ್ಲ. ನೋಡುವ ಮೊದಲು ಒಂದು ವಿಷಯ ತಿಳ್ಕೊಂಡಿರಿ: 1961ರ ಅಕ್ಟೋಬರ್ 17ಕ್ಕೆ ಪ್ಯಾರಿಸ್ಸಲ್ಲಿ ಮೆರವಣಿಗೆ ಮಾಡಿದ ಅಲ್ಜೀರಿಯಾದವರ ಮೇಲೆ ಪೊಲೀಸರು ದಾಳಿ ಮಾಡಿ ತುಂಬಾ ಜನರನ್ನು ಕೊಂದ್ರು, ಕಥೆಯ ಬೇರು ಅಲ್ಲುಂಟು, ಅದು ಗೊತ್ತಿಲ್ಲದಿದ್ರೆ ಬರೀ ಕಳ್ಳ ಪೊಲೀಸ್ ಆಟದ ಹಾಗೆ ಕಾಣ್ತದೆ. ಹಿನ್ನೆಲೆ ಸಂಗೀತವೇ ಇಲ್ಲ, ಹಾಗಾಗಿ ಶೀಟಿನ ಮೇಲೆ ಮಳೆ ಬಡಿಯುವ ದಿನ ಹಾಕ್ಬೇಡಿ, ಹೊಳವಾದ ದಿನ ನೋಡಿ. ಕೊನೆ ಶಾಟ್ ಶಾಲೆಯ ಮೆಟ್ಟಿಲು, ಕ್ಯಾಮೆರಾ ಅಲ್ಲಾಡುದಿಲ್ಲ, ಮಕ್ಕಳು ಬರ್ತಾರೆ ಹೋಗ್ತಾರೆ, ಭಾವ ಮುಗಿಯಿತು ಅಂತ ಎದ್ದು ಲೈಟ್ ಹಾಕ್ಲಿಕ್ಕೆ ಹೋದ್ರು, ಟಿವಿಯ ಎಡಬದಿಗೆ ಅವರ ಬೆನ್ನು ಅಡ್ಡ ಬಂತು, ನೋಡ್ಬೇಕಾದ್ದು ಇದ್ದದ್ದೂ ಸರಿಯಾಗಿ ಅಲ್ಲೇ. ರಿವೈಂಡ್ ಮಾಡಿ ಮೂರು ಸಲ ನೋಡಿದೆವು, ಮೂರನೇ ಸಲಕ್ಕೆ ಅಮ್ಮ ಟಿವಿ ಹತ್ರ ಹೋಗಿ ಬೆರಳಿಟ್ಟು, "ಇವರಿಬ್ಬರಿಗೆ ಮೊದಲೇ ಪರಿಚಯ ಉಂಟಾ?" ಅಂತ ಕೇಳಿದ್ರು.

ಬರುವ ಆದಿತ್ಯವಾರ ಅದನ್ನೇ ಪುನಃ ಹಾಕ್ಲಿಕ್ಕುಂಟು. ಮನೆಯ ಯಜಮಾನನ ಅರ್ಥ ನನ್ನದು, ಕ್ಯಾಸೆಟ್ ಕಳಿಸಿದವರದ್ದು ಅಮ್ಮಂದು.