ನಿರಂತರ ಜನಸಮೀಕ್ಷೆ: ಬೀಗ ಹಾಕಿದ ಮನೆಯಲ್ಲೇ ಇದೆ ಗುಟ್ಟು

ಎರಡು ಜನಗಣತಿಗಳ ನಡುವೆ ಉದ್ಯೋಗ, ವಲಸೆ, ಆರೋಗ್ಯದ ಅಂಕಿ ಬೇಕೆಂದರೆ ಪ್ರತಿ ತಿಂಗಳೂ ಒಂದಷ್ಟು ಮನೆಗಳಿಗೆ ಹೋಗಿ ಕೇಳಲೇಬೇಕು.

ಎಷ್ಟು ಜನರನ್ನು ಕೇಳಬೇಕು? ದೇಶ ದೊಡ್ಡದಾದಷ್ಟೂ ಮಾದರಿಯೂ, ಅಂದರೆ ಕೇಳಲು ಆರಿಸಿದವರ ಗುಂಪೂ, ದೊಡ್ಡದಿರಬೇಕೆಂಬುದು ತಪ್ಪು ತಿಳಿವಳಿಕೆ. ಶೇ 95ರ ಭರವಸೆಯಲ್ಲಿ (ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ), ಶೇ 1ರಷ್ಟು ಮಾತ್ರ ಆಚೀಚೆಯಾಗುವ ಅಂಕಿಗೆ, ಬಿಡಿಬಿಡಿಯಾಗಿ ಆರಿಸಿದ 9,600 ಜನ ಸಾಕು. ಆದರೆ ಓಡಾಟ ತಗ್ಗಿಸಲು ಮನೆಗಳನ್ನು ಗುಂಪಾಗಿ ಆರಿಸುತ್ತಾರೆ. ಅಕ್ಕಪಕ್ಕದವರ ಬದುಕು ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಸಂಖ್ಯೆಯನ್ನು ದುಪ್ಪಟ್ಟು, ಅಂದರೆ 19,200 ಮಾಡಿಕೊಳ್ಳಿ. ಹತ್ತರಲ್ಲಿ ಎಂಟು ಮಂದಿಯಷ್ಟೇ ಉತ್ತರಿಸುವಂತಿದ್ದರೆ 24,000. ಪ್ರತಿ ಪ್ರಾಂತ್ಯಕ್ಕೂ ಪ್ರತ್ಯೇಕ ಅಂಕಿ ಬೇಕೆಂದರೆ ಪ್ರತಿಯೊಂದಕ್ಕೂ ಇಷ್ಟೇ ಬೇಕು. ಬಜೆಟ್ ಕೈಮೀರುವುದು ಇಲ್ಲೇ.

ಆಯ್ದ ಪ್ರದೇಶದಲ್ಲಿ ಮೊದಲು ಮನೆಪಟ್ಟಿ ಮಾಡಿ. ಅಂಗಡಿಯ ಹಿಂದಿನ ಕೋಣೆ, ಮಹಡಿ ಮೇಲಿನ ಶೆಡ್, ಕಾವಲುಗಾರನ ಗೂಡು ತಪ್ಪಿಹೋಗುತ್ತವೆ, ಅಲ್ಲಿರುವವರೂ ಲೆಕ್ಕದಿಂದ ಮಾಯ. ಪಟ್ಟಿಯಲ್ಲಿ 120 ಮನೆ ಇದ್ದು 8 ಬೇಕಾದರೆ ಅಂತರ 15. 1ರಿಂದ 15ರೊಳಗೆ ಚೀಟಿ ಎತ್ತಿ. 7 ಬಂದರೆ 7, 22, 37 ಹೀಗೆ 112ರವರೆಗೆ.

22ನೇ ಮನೆಗೆ ಬೀಗ. ಗಣತಿದಾರ ಪಕ್ಕದ 23ಕ್ಕೆ ಹೋಗಿ ಫಾರಂ ತುಂಬಿಸಿಕೊಂಡು ಬರುತ್ತಾನೆ. ಕೆಲಸವೇನೋ ಮುಗಿಯಿತು, ಸಮೀಕ್ಷೆ ಕೆಟ್ಟಿತು. ಹಗಲು ಬೀಗ ಹಾಕಿದವರು ಹೆಚ್ಚಾಗಿ ದುಡಿಯಲು ಹೋದವರು. ಬಾಗಿಲು ತೆರೆದವರಲ್ಲಿ ವೃದ್ಧರು, ಕೆಲಸವಿಲ್ಲದವರು ಹೆಚ್ಚು. ಹೀಗೆ ಬದಲಿ ಮನೆ ಹಿಡಿಯುತ್ತಾ ಹೋದರೆ ನಿರುದ್ಯೋಗ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಸಂಜೆ, ರಜಾದಿನ ಸೇರಿ ಬೇರೆ ಬೇರೆ ಹೊತ್ತಿನಲ್ಲಿ ಮೂರು ನಾಲ್ಕು ಸಲ ಹೋಗಿ. ಆಗಲೂ ಸಿಗದಿದ್ದರೆ 'ಉತ್ತರವಿಲ್ಲ' ಎಂದೇ ಬರೆಯಿರಿ.

ಪ್ರತಿ ಸಲ ಹೊಸ ಮನೆಗಳನ್ನೇ ಹಿಡಿದರೆ ಬದಲಾದದ್ದು ಪರಿಸ್ಥಿತಿಯೋ ಮನೆಗಳೋ ತಿಳಿಯದು. ಅದಕ್ಕೇ ಸರದಿ ಪದ್ಧತಿ. ಅಮೆರಿಕದ ಮಾಸಿಕ ಉದ್ಯೋಗ ಸಮೀಕ್ಷೆಯಲ್ಲಿ ಒಂದು ಮನೆ 4 ತಿಂಗಳು ಒಳಗೆ, 8 ತಿಂಗಳು ಹೊರಗೆ, ಮತ್ತೆ 4 ತಿಂಗಳು ಒಳಗೆ. ಹಾಗಾಗಿ ಹಿಂದಿನ ತಿಂಗಳ ಮುಕ್ಕಾಲು ಪಾಲು, ಹಿಂದಿನ ವರ್ಷದ ಅದೇ ತಿಂಗಳ ಅರ್ಧ ಪಾಲು ಮನೆಗಳು ಈ ತಿಂಗಳೂ ಇರುತ್ತವೆ. ಹೆಚ್ಚು ಸಲ ಕೇಳಿದರೆ ಬೇಸತ್ತು 'ಕೆಲಸ ಹುಡುಕುತ್ತಿಲ್ಲ' ಎಂದು ಮುಗಿಸಿಬಿಡುವವರೂ ಇದ್ದಾರೆ, ಮುಂದಿನ ಐದು ಪ್ರಶ್ನೆ ತಪ್ಪುತ್ತದಲ್ಲ!

ಕೊನೆಗೆ ತೂಕ. ಆಯ್ಕೆಯ ಸಾಧ್ಯತೆ 500ಕ್ಕೆ 1 ಇದ್ದರೆ ಒಂದು ಮನೆ 500 ಮನೆಗಳ ಪರ ನಿಲ್ಲುತ್ತದೆ. ಗುಂಪಿನ 10ರಲ್ಲಿ 8 ಮಾತ್ರ ಉತ್ತರಿಸಿದ್ದರೆ 500 ÷ 0.8, ಅಂದರೆ 625. 'ಉತ್ತರವಿಲ್ಲ' ಎಂಬ ನಮೂದು ಬೇಕಾಗುವುದು ಈ ಭಾಗಾಕಾರಕ್ಕೇ.