5 ಅಡಿ 2 ಇಂಚಿನವನ ಬುಲೆಟ್ ಪಾಠ

ಭಾವ ಕುವೈತಿಗೆ ಹೊರಡುವ ಹಿಂದಿನ ದಿನ ಬುಲೆಟ್ಟಿನ ಕೀ ನನ್ನ ಕೈಗಿಟ್ಟು, "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡು ಮಾರಾಯ, ಬ್ಯಾಟರಿ ಹೋಗದ ಹಾಗೆ" ಎಂದರು. ಓಡಿಸು ಅಂತ ಹೇಳಲಿಲ್ಲ. ನನ್ನನ್ನು ನೋಡಿದ ಯಾರೂ ಹಾಗೆ ಹೇಳುವುದಿಲ್ಲ. ನನ್ನ ಎತ್ತರ 5 ಅಡಿ 2 ಇಂಚು, ತೂಕ 54 ಕಿಲೋ. ಅಂಗಳದಲ್ಲಿ ನಿಂತಿದ್ದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಪೆಟ್ರೋಲ್ ಸೇರಿ 195 ಕಿಲೋ. ಸೀಟು ನೆಲದಿಂದ 805 ಮಿಲಿಮೀಟರ್ ಮೇಲೆ. ಮಂಗಳೂರಿನಲ್ಲಿ ಎನ್‌ಫೀಲ್ಡಿನ ಯಾವ ಗಾಡಿಯಾದರೂ ಬುಲೆಟ್ಟೇ, ಹಾಗಾಗಿ ನಾನೂ ಬುಲೆಟ್ ಅಂತಲೇ ಕರೆಯುತ್ತೇನೆ.

ಅಲ್ಲಿಯವರೆಗೆ ನಾನು ಓಡಿಸಿದ್ದು ಸ್ಕೂಟರ್ ಮಾತ್ರ. ನಿಮ್ಮದೂ ಅದೇ ಕಥೆಯಾದರೆ ಮೊದಲು ಲೈಸೆನ್ಸ್ ತೆಗೆದು ನೋಡಿ. ಗೇರ್ ಇಲ್ಲದ ಗಾಡಿಯದು ಮಾತ್ರ ಇದ್ದರೆ ಗೇರ್ ಗಾಡಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಆಮೇಲೆ ಉಳಿದದ್ದು.

ಮೊದಲ ಎರಡು ವಾರ ನಾನು ಗಾಡಿ ಓಡಿಸಲೇ ಇಲ್ಲ, ಬರೀ ತಳ್ಳಿದೆ. ಭಾನುವಾರ ಬೆಳಿಗ್ಗೆ ಪಕ್ಕದ ಶಾಲೆಯ ಮೈದಾನದಲ್ಲಿ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಎಡಗಡೆ ನಿಂತು ತಳ್ಳುವುದು. ಕ್ರಿಕೆಟ್ ಆಡುವ ಹುಡುಗರು "ಪೆಟ್ರೋಲ್ ಖಾಲಿಯಾ ಅಂಕಲ್?" ಅಂತ ಕೇಳುತ್ತಿದ್ದರು. ಕೇಳಲಿ. ಈ ತಳ್ಳಾಟದಲ್ಲಿ ಕಲಿತಷ್ಟು ನಾನು ಆಮೇಲೆ ರಸ್ತೆಯಲ್ಲೂ ಕಲಿಯಲಿಲ್ಲ.

ನಾನು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವನು. ಆಳೆತ್ತರ ಜೋಡಿಸಿದ ಕಾಗದವನ್ನು ಯಾರೂ ತೋಳಿನಿಂದ ಎತ್ತುವುದಿಲ್ಲ. ನೆಟ್ಟಗೆ ಇರುವವರೆಗೆ ಅದು ಒಂದು ಬೆರಳಿಗೂ ನಿಲ್ಲುತ್ತದೆ. ವಾಲಿದರೆ ನಾಲ್ಕು ಜನರೂ ಸಾಲದು. ಬುಲೆಟ್ ಕೂಡ ಹಾಗೆಯೇ. ನೆಟ್ಟಗೆ ನಿಂತಾಗ ಅದರ 195 ಕಿಲೋವನ್ನು ಹೊರುವುದು ಎರಡು ಚಕ್ರ, ನೀವಲ್ಲ. ನಿಮ್ಮ ಕೆಲಸ ಅದು ವಾಲಲು ಶುರುಮಾಡುವ ಮೊದಲೇ ತಡೆಯುವುದು, ಅಷ್ಟೇ.

ತಳ್ಳುವಾಗ ಸೊಂಟವನ್ನು ಟ್ಯಾಂಕಿಗೋ ಸೀಟಿಗೋ ಆನಿಸಿ. ಗಾಡಿ ಒಂದು ಚೂರು ನಿಮ್ಮ ಕಡೆಗೆ ವಾಲಿರಲಿ. ಆಚೆಗೆ ವಾಲಿದರೆ ಮುಗಿಯಿತು, ಹಿಡಿದೆಳೆಯಲು ನಮ್ಮ ತೂಕ ಸಾಲುವುದಿಲ್ಲ. ಎರಡು ಬೆರಳು ಸದಾ ಮುಂದಿನ ಬ್ರೇಕಿನ ಮೇಲೆ. ಕಣ್ಣು ಟ್ಯಾಂಕಿನ ಮೇಲಲ್ಲ, ಹೋಗಬೇಕಾದ ಕಡೆ. ಎಂಟರ ಆಕಾರದಲ್ಲಿ ಎರಡೂ ಕಡೆ ತಿರುಗಿಸಿ ತಳ್ಳಲು ಬಂದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಇನ್ನು ಕಾಲು. ಎರಡೂ ಪಾದ ಪೂರ್ತಿ ನೆಲ ಮುಟ್ಟಬೇಕು ಅಂತ ಯಾರು ಹೇಳಿದರೋ ಗೊತ್ತಿಲ್ಲ. ನನಗೆ ಎರಡೂ ಕಡೆ ತುದಿಬೆರಳು ಮಾತ್ರ ಸಿಗುತ್ತದೆ. ಹಾಗೆ ತುದಿಗಾಲಲ್ಲಿ ನಿಂತರೆ ಗಾಡಿ ಅಲ್ಲಾಡುತ್ತದೆ, ಜೊತೆಗೆ ಎದೆಯೂ. ಅದರ ಬದಲು ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಜಾರಿ ಎಡಪಾದವನ್ನು ಪೂರ್ತಿ ಊರಿ. ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರಲಿ. ಸೀಟಿನ ಮುಂಭಾಗ ಕಿರಿದು, ಮುಂದಕ್ಕೆ ಸರಿದು ಕೂತರೆ ಕಾಲು ಇನ್ನೂ ನೇರ ಇಳಿಯುತ್ತದೆ. ಚಪ್ಪಲಿ ಬೇಡ. ದಪ್ಪ ಅಡಿಯ, ಜಾರದ ಶೂ ಹಾಕಿದರೆ ಬೆರಳಗಲ ಎತ್ತರ ಪುಕ್ಕಟೆ ಸಿಗುತ್ತದೆ.

ಗಾಡಿಯನ್ನೇ ತಗ್ಗಿಸಬಹುದಲ್ವಾ ಅಂತ ಕೇಳುತ್ತೀರಿ. ನಾನು ಮಾಡಿಸಿದ್ದು ಎರಡೇ ಕೆಲಸ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಲು ಇದರಲ್ಲಿ ಆರು ಹಂತ ಇದೆ, ಅದನ್ನು ಎಲ್ಲಕ್ಕಿಂತ ಸಡಿಲಕ್ಕೆ ಇಡಿಸಿದೆ. ಆಮೇಲೆ ಸೀಟ್ ಹೊಲಿಯುವವರ ಹತ್ತಿರ ಹೋಗಿ ಫೋಮಿನ ಮೇಲ್ಭಾಗ ಬಿಟ್ಟು ತೊಡೆ ತಾಗುವ ಎರಡು ಅಂಚು ಮಾತ್ರ ಕೆತ್ತಿಸಿದೆ. ಸೀಟು ಅಗಲವಿದ್ದರೆ ಕಾಲು ಹೊರಗೆ ಚಾಚಿಕೊಳ್ಳುತ್ತದೆ, ಎತ್ತರ ಅಲ್ಲೇ ಕಳೆದುಹೋಗುತ್ತದೆ. ಶಾಕ್ ಅಬ್ಸಾರ್ಬರನ್ನೇ ಗಿಡ್ಡ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮೂರಿನ ಹಂಪುಗಳಿಗೆ ಗಾಡಿಯ ಹೊಟ್ಟೆ ಉಜ್ಜುತ್ತದೆ, ತಿರುವಿನಲ್ಲೂ ಬೇಗ ನೆಲ ತಾಗುತ್ತದೆ. ಗಾಡಿ ಇನ್ನೂ ಕೊಂಡಿಲ್ಲವಾದರೆ ಎನ್‌ಫೀಲ್ಡಿನದೇ ಮಿಟಿಯೋರ್ 350 ಮೇಲೊಮ್ಮೆ ಕೂತು ನೋಡಿ. ತೂಕ 191 ಕಿಲೋ, ಹೆಚ್ಚು ಕಡಿಮೆ ಇದರಷ್ಟೇ. ಆದರೆ ಸೀಟು 765 ಮಿಲಿಮೀಟರ್. ಆ ನಾಲ್ಕು ಸೆಂಟಿಮೀಟರಿನ ಬೆಲೆ ಗಿಡ್ಡ ಮನುಷ್ಯನಿಗೇ ಗೊತ್ತು.

ಓಡಿಸಲು ಶುರುಮಾಡಿದಾಗ ಮೊದಲು ಕಲಿಯಬೇಕಾದದ್ದು ಸ್ಪೀಡಲ್ಲ, ನಿಧಾನ. ಫಸ್ಟ್ ಗೇರ್, ಹಾಫ್ ಕ್ಲಚ್ (ಕ್ಲಚ್ ಅರ್ಧ ಮಾತ್ರ ಬಿಟ್ಟು), ಹಿಂದಿನ ಬ್ರೇಕಿನ ಮೇಲೆ ತುಸುವೇ ಒತ್ತಡ, ನಡೆಯುವವನ ಜೊತೆ ನಡೆಯುವಷ್ಟೇ ವೇಗ. ಈ ಎಂಜಿನ್ನಿನ ಒಳ್ಳೆಯ ಗುಣವೆಂದರೆ ಆಕ್ಸಿಲರೇಟರ್ ಜಾಸ್ತಿ ಕೊಡದೆಯೂ ಎಳೆಯುತ್ತದೆ. ಓಡುತ್ತಿರುವಾಗ ನಿಮ್ಮ ಎತ್ತರವನ್ನು ಗಾಡಿ ಕೇಳುವುದೇ ಇಲ್ಲ. ಕೇಳುವುದು ನಿಲ್ಲುವ ಕೊನೆಯ ಒಂದು ಗಜದಲ್ಲಿ.

ಆ ಒಂದು ಗಜದಲ್ಲೇ ನಾನು ಬಿದ್ದೆ. ಒಂದು ಪೆಟ್ರೋಲ್ ಬಂಕ್. ಒಳಗೆ ತಿರುಗಿಸುತ್ತಾ ಬಂದೆ, ಎದುರಿಗೆ ಆಟೋ ಅಡ್ಡ ಬಂತು. ಹ್ಯಾಂಡಲ್ ಇನ್ನೂ ಎಡಕ್ಕೆ ತಿರುಗಿತ್ತು, ಮುಂದಿನ ಬ್ರೇಕ್ ಹಿಡಿದುಬಿಟ್ಟೆ. ಮುಂದಿನ ಚಕ್ರ ತಿರುಗಿರುವಾಗ ಆ ಬ್ರೇಕ್ ಗಕ್ಕನೆ ಹಿಡಿದರೆ ಭಾರವೆಲ್ಲ ತಿರುಗಿದ ಕಡೆಗೆ ಬೀಳುತ್ತದೆ. ಎಡಗಾಲು ಊರಿದ ಜಾಗದಲ್ಲಿ ಡೀಸೆಲ್ ಜಿಡ್ಡು ಬೇರೆ. ನಿಧಾನವಾಗಿ, ಬಹಳ ಮರ್ಯಾದೆಯಿಂದ, ಇಡೀ ಬಂಕ್ ನೋಡುತ್ತಿರುವಂತೆ ಇಬ್ಬರೂ ಮಲಗಿದೆವು. ಹಾಗಾಗಿ ಬರೆದಿಟ್ಟುಕೊಳ್ಳಿ: ಮೊದಲು ಹ್ಯಾಂಡಲ್ ನೆಟ್ಟಗೆ, ಆಮೇಲೆ ನಿಲ್ಲುವುದು. ಹೀಗೆ ಮೆಲ್ಲಗೆ ತಿರುಗುತ್ತಿರುವಾಗ ಇನ್ನೂ ನಿಧಾನ ಮಾಡಬೇಕಾದರೆ ಹಿಂದಿನ ಬ್ರೇಕ್ ಮಾತ್ರ.

ಇನ್ನೊಂದು ವಿಷಯ, ಎತ್ತರದವರಿಗೆ ಇದು ಹೊಳೆಯುವುದೇ ಇಲ್ಲ. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಎಡ ಅಂಚಿನಲ್ಲಿ ನಿಲ್ಲಿಸಿದರೆ ಎಡಗಾಲಿಗೆ ನೆಲ ಇನ್ನಷ್ಟು ಕೆಳಗೆ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿ ಇದು ಇನ್ನೂ ಮೋಸ. ಕೆಲವು ಕಡೆ ಕಾಂಕ್ರೀಟ್ ಮುಗಿಯುವಲ್ಲಿ ಅರ್ಧ ಅಡಿ ಕೆಳಗೆ ಮಣ್ಣು. ಕಾಲು ಇಟ್ಟೆ ಅಂದುಕೊಂಡರೆ ಅಲ್ಲಿ ನೆಲವೇ ಇಲ್ಲ! ಆದ್ದರಿಂದ ಅಂಚಿನಿಂದ ಎರಡು ಮೂರು ಅಡಿ ಒಳಗೇ ನಿಲ್ಲಿ. ನಿಲ್ಲುವ ಮೊದಲು ಕಾಲಿಡುವ ಜಾಗ ನೋಡಿಟ್ಟುಕೊಳ್ಳಿ. ಎಡಗಡೆ ಇಳಿಜಾರಿದ್ದರೆ ಬಲಗಾಲು ಊರಿ, ಆಗ ಗಾಡಿಯನ್ನು ಮುಂದಿನ ಬ್ರೇಕಿನಲ್ಲಿ ಹಿಡಿದುಕೊಳ್ಳಿ. ಸಿಟಿ ಬಸ್ಸಿನ ಬಾಲಕ್ಕೆ ಅಂಟಿಕೊಂಡು ಮಾತ್ರ ಹೋಗಬೇಡಿ. ಅದು ಎಲ್ಲಿ ನಿಲ್ಲುತ್ತದೋ ಅಲ್ಲೇ ನೀವೂ ನಿಲ್ಲಬೇಕಾಗುತ್ತದೆ. ನಿಲ್ಲುವ ಜಾಗ ಆರಿಸುವುದು ನೀವಾಗಿರಬೇಕು, ಬಸ್ಸಿನ ಡ್ರೈವರ್ ಅಲ್ಲ.

ಏರು. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ರಸ್ತೆ ಹತ್ತುವಾಗ ಮುಂದೆ ಸಾಲು ನಿಂತರೆ ನನಗೆ ಬೆವರುತ್ತಿತ್ತು. ಈಗ ಮಾಡುವುದು ಇಷ್ಟು. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿಗೆ, ಫಸ್ಟ್ ಗೇರ್. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಎಂಜಿನ್ ಸದ್ದು ಕುಗ್ಗುತ್ತದೆ, ಗಾಡಿ ಮುಂದಕ್ಕೆ ಹೋಗಲು ಒದ್ದಾಡುತ್ತದೆ. ಕೈ ಅಲ್ಲೇ ನಿಲ್ಲಲಿ. ಆಮೇಲೆ ಬ್ರೇಕ್ ಬಿಡಿ. ಹಿಂದಕ್ಕೆ ಒಂದಿಂಚೂ ಜಾರುವುದಿಲ್ಲ. ಇದನ್ನು ರಾತ್ರಿ ಖಾಲಿ ಏರಿನಲ್ಲಿ ಇಪ್ಪತ್ತು ಸಲ ಮಾಡಿ ನೋಡಿ.

ಪಾರ್ಕಿಂಗ್‌ನಲ್ಲಿ ಮೂತಿ ಇಳಿಜಾರಿಗೆ ಹಾಕಿ ನಿಲ್ಲಿಸಿದಿರೋ, ತೆಗೆಯಲು ಯಾರನ್ನಾದರೂ ಕರೆಯಬೇಕು. ಕೂತುಕೊಂಡು ತುದಿಗಾಲಲ್ಲಿ ಹಿಂದಕ್ಕೆ ಏರಿಸಲು ನಮ್ಮಿಂದ ಆಗದು. ಹಿಂದಿನ ಚಕ್ರ ತಗ್ಗಿನ ಕಡೆ, ಮೂತಿ ಏರಿನ ಕಡೆ ಇರಲಿ. ಗಾಡಿ ಫಸ್ಟ್ ಗೇರಿನಲ್ಲಿ ಇರಲಿ. ಮಳೆಗಾಲದಲ್ಲಿ ಕೆಂಪು ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಮೆಲ್ಲಗೆ ಹೂತುಹೋಗುತ್ತದೆ. ಅದರ ಅಡಿಗೆ ಒಂದು ಹೆಂಚಿನ ತುಂಡು ಇಟ್ಟು ನೋಡಿದೆ, ಮಂಗಳೂರು ಹೆಂಚೇ, ಎರಡಾಯಿತು. ಈಗ ಪೇಂಟ್ ಡಬ್ಬದ ಮುಚ್ಚಳ ಇಟ್ಟುಕೊಂಡಿದ್ದೇನೆ. ಸೆಂಟರ್ ಸ್ಟ್ಯಾಂಡ್ ಹಾಕುವಾಗ ಕೈಯಿಂದ ಎಳೆಯಬೇಡಿ. ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ್ದು ಗೊತ್ತಾದ ಮೇಲೆ ಅದರ ಮೆಟ್ಟಿಲಿನ ಮೇಲೆ ಬಲಗಾಲಿಟ್ಟು ಎದ್ದು ನಿಂತುಬಿಡಿ. 54 ಕಿಲೋ ಸಾಕು.

ಮಳೆಯಲ್ಲಿ ಬಿಳಿ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ, ಮೀನಿನ ಲಾರಿ ಸುರಿಸಿಕೊಂಡು ಹೋದ ನೀರು, ಈ ಮೂರರ ಮೇಲೆ ಕಾಲೂರಬೇಡಿ. ಪಾಚಿ ಕಟ್ಟಿದ ಇಂಟರ್‌ಲಾಕ್ ಅಂಗಳದ ಮೇಲೂ ಅಷ್ಟೇ.

ಬಿದ್ದರೆ? ಹಿಡಿಯಬೇಡಿ, ಬಿಟ್ಟು ಪಕ್ಕಕ್ಕೆ ಸರಿಯಿರಿ. ಲೆಗ್ ಗಾರ್ಡ್ ಹಾಕಿಸಿದ್ದರೆ ಗಾಡಿ ಪೂರ್ತಿ ಮಲಗುವುದಿಲ್ಲ. ಮೊದಲು ಎಂಜಿನ್ ಬಂದ್ ಮಾಡಿ. ಉರುಳದಂತೆ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ಆಚೆಗೆ ಬೀಳುತ್ತದೆ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಹಾಕಿ, ಸೀಟಿನ ಅಂಚಿಗೆ ಪೃಷ್ಠ ಆನಿಸಿ ಕುಕ್ಕರುಗಾಲಲ್ಲಿ ಕೂರಿ. ಒಂದು ಕೈಯಲ್ಲಿ ಕೆಳಗಿನ ಹಿಡಿ, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ. ಬೆನ್ನು ನೆಟ್ಟಗಿಟ್ಟು, ಕಾಲಿನಿಂದ ಒತ್ತುತ್ತಾ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡಿ. ನಾನು ಮೈದಾನದಲ್ಲಿ ಹಳೆಯ ಹಾಸಿಗೆಯ ಮೇಲೆ ಬೇಕಂತಲೇ ಮಲಗಿಸಿ ಎತ್ತಿ ನೋಡಿದ್ದೇನೆ. ಆ ದಿನ ಹುಡುಗರು ಆಟ ನಿಲ್ಲಿಸಿ ಚಪ್ಪಾಳೆ ಹೊಡೆದರು.

ಹಿಂದೆ ಯಾರನ್ನಾದರೂ ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಟ್ಯಾಂಕಿನಲ್ಲಿ 13 ಲೀಟರ್ ತುಂಬಿಸಿದರೆ ಹತ್ತು ಕಿಲೋದಷ್ಟು ಮೇಲ್ಭಾರ ಸೇರುತ್ತದೆ, ಅದೇ ಗೊತ್ತಾಗುತ್ತದೆ. ಮನುಷ್ಯರೆಂದರೆ ಅಲ್ಲಾಡುವ ಭಾರ. ನಾನು ಮೂರು ತಿಂಗಳು ಯಾರನ್ನೂ ಹತ್ತಿಸಲಿಲ್ಲ. ಈಗ ಹೆಂಡತಿ ಜೊತೆ ಒಂದು ಒಪ್ಪಂದ ಆಗಿದೆ. ನಾನು ಎರಡೂ ಬ್ರೇಕ್ ಹಿಡಿದು "ಹ್ಞೂಂ" ಅಂದ ಮೇಲೆಯೇ ಅವಳು ಹತ್ತುವುದು, ನಿಂತ ಮೇಲೂ ಹೇಳುವವರೆಗೆ ಇಳಿಯುವ ಹಾಗಿಲ್ಲ. ಹತ್ತಿ ಕೂತರೆ ಹೆಗಲಿಗೆ ಒಂದು ತಟ್ಟು. ದಾರಿಯಲ್ಲಿ ಎರಡು ತಟ್ಟಿದರೆ ಒಳ್ಳೆಯ ಬಂಗುಡೆ ಕಂಡಿದೆ, ನಿಲ್ಲಿಸು ಅಂತ. ನಾನು ಕಾಲೂರಲು ಸಮ ನೆಲ ಹುಡುಕುತ್ತಾ ಹೋಗುವಷ್ಟರಲ್ಲಿ ಮೀನಿನವರನ್ನು ದಾಟಿ ಐವತ್ತು ಮೀಟರ್ ಮುಂದೆ ಹೋಗಿರುತ್ತೇವೆ. ಅವಳು ಇಳಿದು ನಡೆದುಕೊಂಡು ಹೋಗಿ ತರುತ್ತಾಳೆ.