ಅಕ್ಷರ ಕೂಡಿಸಿ ಓದುವವಳೇ ನನ್ನ ಪ್ರೂಫ್ ರೀಡರ್

ಕನ್ನಡ ಶಾಲೆ ಮೆಟ್ಟಿಲು ಹತ್ತದ ಮಗಳಿಂದ ಕಾದಂಬರಿಯ ಪ್ರೂಫ್ ಓದಿಸ್ತೀರಾ ಅಂತ ಮುಂಬೈಯ ಮಾಟುಂಗದ ಗೆಳೆಯರೆಲ್ಲ ಕೇಳಿದ್ದರು. "ಮಾರಾಯ್ರೆ, ದುಡ್ಡು ಕೊಟ್ಟು ಬಲ್ಲವರಿಂದ ಮಾಡಿಸಿ" ಅಂತ ಹಿರಿಯರೊಬ್ಬರು ಬುದ್ಧಿ ಹೇಳಿದರು. ಈಗ ಐನೂರು ಪ್ರತಿಯಲ್ಲಿ ಮುನ್ನೂರರ ಮೇಲೆ ಖರ್ಚಾಗಿವೆ. ಓದುಗರು ತೋರಿಸಿದ ತಪ್ಪು ಹತ್ತು ದಾಟಿಲ್ಲ. ಸ್ವಂತ ಪ್ರಕಟಣೆಯಲ್ಲಿ ಇಷ್ಟು ಸ್ವಚ್ಛ ಪುಸ್ತಕ ನಾನಂತೂ ಜಾಸ್ತಿ ಕಂಡಿಲ್ಲ.

ದುಡ್ಡು ಕೊಟ್ಟೂ ನೋಡಿದ್ದೆ. ಪುಟಕ್ಕೆ ಹದಿನೈದು ರೂಪಾಯಿಯಂತೆ ಮೊದಲ ನೂರು ಪುಟ ಒಬ್ಬರಿಗೆ ಕಳಿಸಿದೆ. ನನ್ನ ಕಥೆಯ ಹೋಟೆಲ್ ಹುಡುಗರು ಕುಂದಾಪುರದ ಕಡೆಯವರು. ಅವರ ಬಾಯಲ್ಲಿದ್ದ 'ಕಾಣಿ' ಎಲ್ಲ 'ನೋಡಿ' ಆಗಿ ಬಂತು, 'ಹೋಯ್ಕ್' ಎಲ್ಲ 'ಹೋಗಬೇಕು' ಆಯಿತು. ತಿದ್ದಬೇಕಾಗಿದ್ದ 'ರಸ್ತೆಯ ಮದ್ಯದಲ್ಲಿ ನಿಂತ' ಮಾತ್ರ ಹಾಗೇ ನಿಂತಿತ್ತು. ಒಂದೂವರೆ ಸಾವಿರ ಹೋಯಿತು. ಹುಡುಗರ ಮಾತನ್ನು ವಾಪಸ್ ತರಲು ವಾರಗಟ್ಟಲೆ ಕೂತೆ.

ಆಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದುವ ಫೋನಿನ ದನಿಯಿಂದ ಓದಿಸಿದೆ. ಡೊಂಬಿವಲಿಯಿಂದ ಫೋರ್ಟ್‌ಗೆ ದಿನಾ ಹೋಗಿಬರುವವನು ನಾನು. ಲೋಕಲ್‌ನಲ್ಲಿ ಪೇಪರ್ ಬಿಡಿಸಲು ಜಾಗ ಎಲ್ಲಿ? ಕಿವಿಗೆ ಹಾಕಿಕೊಂಡು ನಿಂತಲ್ಲೇ ಕೇಳಿದೆ. ತಪ್ಪು ಅನಿಸಿದಾಗ ಎಷ್ಟನೇ ನಿಮಿಷ ಅಂತ ನನಗೇ ಒಂದು ಮೆಸೇಜು. ಉದ್ದ ವಾಕ್ಯಗಳು, ಒಂದೇ ಪುಟದಲ್ಲಿ ಮೂರು ಸಲ ಬಂದ 'ಒಂದು ಕ್ಷಣ' ಇಂಥವು ಚೆನ್ನಾಗಿ ಸಿಕ್ಕವು. ಆದರೆ ಗಾಡಿಯ ಗದ್ದಲದಲ್ಲಿ ಮದ್ಯವೂ ಮಧ್ಯವೂ ಒಂದೇ ಥರ ಕೇಳುತ್ತದೆ. ಕುಂದಾಪುರದ ಮಾತು ಬಂದರೆ ಆ ದನಿಗೆ ಉಸಿರೇ ಇಲ್ಲ.

ಮಗಳನ್ನು ಕೂರಿಸಿದ್ದು ಅದಾದ ಮೇಲೆ. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮನೆಯಲ್ಲೇ ಕಲಿತದ್ದು, ಇವತ್ತಿಗೂ ಅಕ್ಷರ ಕೂಡಿಸಿಯೇ ಓದುತ್ತಾಳೆ. ನಮ್ಮಂಥವರ ಕಣ್ಣು ಪದವನ್ನು ಊಹಿಸಿ ಮುಂದೆ ಓಡುತ್ತದೆ. ಅವಳದು ಹಾಗಲ್ಲ. ಕಾಗದದ ಮೇಲೆ ಏನಿದೆಯೋ ಅದನ್ನೇ ಓದುತ್ತಾಳೆ. ಮರಾಠಿ ಕಲಿತ ನಾಲಿಗೆ, ಮಹಾಪ್ರಾಣ ತಪ್ಪುವುದೇ ಇಲ್ಲ. "ಪಪ್ಪಾ, ಇವನು ದಾರು ಒಳಗೆ ನಿಂತಿದ್ದಾನಾ?" ಅಂತ ಆ 'ಮದ್ಯದಲ್ಲಿ' ಓದಿ ಕೇಳಿದಳು ನೋಡಿ (ದಾರು ಅಂದರೆ ಮರಾಠಿಯಲ್ಲಿ ಹೆಂಡ), ಕಣ್ಣು ತುಂಬಿ ಬಂತು ನನಗೆ. ನುಡಿ ಅನ್ನುವ ಟೈಪಿಂಗ್ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸುವಾಗ 'ಫೋರ್ಟ್‌ನಲ್ಲಿ' ಅನ್ನುವುದು ಎಷ್ಟೋ ಕಡೆ 'ಫೋರ್ಟ್ನಲ್ಲಿ' ಆಗಿತ್ತು. ಅಲ್ಲೆಲ್ಲ ಅವಳು ಎಡವಿದಳು. ಎಡವಿದಲ್ಲೆಲ್ಲ ಕೆಂಪು ಗುರುತು.

ಅವಳು ಗಟ್ಟಿಯಾಗಿ ಓದುವಾಗ ನನ್ನ ಕೈಯಲ್ಲಿ ಪ್ರತಿ ಇರಲಿಲ್ಲ, ಬರೀ ಕಿವಿ. ಪ್ರತಿ ಇದ್ದರೆ ಕಣ್ಣು ಅವಳ ಮುಂದೆ ಓಡಿಬಿಡುತ್ತದೆ. ಸಂಜೆಗೆ ಹತ್ತು ಹನ್ನೆರಡು ಪುಟ, ಅದಕ್ಕಿಂತ ಜಾಸ್ತಿ ಬೇಡ. ಅಧ್ಯಾಯಕ್ಕೆ ಐವತ್ತು ರೂಪಾಯಿ, ಸಿಕ್ಕ ತಪ್ಪಿಗೆ ಎರಡು ರೂಪಾಯಿ ಬೇರೆ. ಒಟ್ಟು ಮೂರು ಸಾವಿರದ ಹತ್ತಿರ ಆಗಿರಬೇಕು. ಅಧ್ಯಾಯಗಳನ್ನು ಯಾವ ಕ್ರಮದಲ್ಲಿ ಓದಿಸಿದೆ ಅನ್ನುವುದನ್ನು ಮಾತ್ರ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮುಂದಿನ ಕಾದಂಬರಿಗೂ ಅದು ಬೇಕು.

ಊರಿನ ಹೆಸರು, ಇಸವಿಗಳಿಗೆ ಬೇರೆಯೇ ಒಂದು ಸುತ್ತು ಬೇಕು. ಮಾಟುಂಗ, ಮಾಟುಂಗಾ, ಮಾತುಂಗ ಮೂರೂ ಇದ್ದವು, ಒಂದು ಮಾಡಿದೆ. 1982ರ ಗಿರಣಿ ಮುಷ್ಕರದ ಅಧ್ಯಾಯದಲ್ಲಿ ಯಾರೂ ಸಿಎಸ್‌ಟಿ (ಛತ್ರಪತಿ ಶಿವಾಜಿ ಟರ್ಮಿನಸ್) ಅನ್ನುವಂತಿಲ್ಲ. ಆ ಹೆಸರು ಬಂದದ್ದು 1996ರಲ್ಲಿ. ಆಗೆಲ್ಲ ವಿಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್. ಪ್ರಭಾದೇವಿ ಸ್ಟೇಷನ್ನೂ 2018ರವರೆಗೆ ಎಲ್ಫಿನ್‌ಸ್ಟನ್ ರೋಡೇ.

ಪುಟ 312 ಆಗಿತ್ತು. ಒಂದೇ ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಹತ್ತೊಂಬತ್ತೂವರೆ. ಆ ಅರ್ಧ ಫಾರಂಗೆ ಸುಮ್ನೆ ಯಾಕೆ ದುಡ್ಡು ಅಂತ ಎರಡು ಮದುವೆ ಊಟದ ವರ್ಣನೆ ತೆಗೆದು 304ಕ್ಕೆ ತಂದೆ. ಕಥೆಗೂ ಒಳ್ಳೆಯದೇ ಆಯಿತು. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತು ಸಂಖ್ಯೆ ನಮ್ಮಲ್ಲಿ ಉಚಿತ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಚ್ಚಿನ ಖರ್ಚು ಪ್ರತಿಗೆ ನೂರರ ಆಸುಪಾಸು. ಪ್ಲೇಟ್ ಮಾಡಿಸಿದ ಮೇಲೆ ಒಂದಕ್ಷರವನ್ನೂ ತಿದ್ದಬೇಕಾಗಿ ಬರಲಿಲ್ಲ.